ಬಂದೂಕು ನೋಡುವ ಕಣ್ಣು

ಹಿರಿಯೂರಿನಲ್ಲಿ ಹಳೇ ಬಂದೂಕುಗಳನ್ನು ನೋಡಿ ಹೇಳುವವರೊಬ್ಬರಿದ್ದರು. ಹೋದ ತಿಂಗಳು ತೀರಿಕೊಂಡರು. ಕೊಳ್ಳುವವರು, ಮಾರುವವರು, ಅಪ್ಪ ಸತ್ತ ಮೇಲೆ ಅಟ್ಟದಿಂದ ಇಳಿಸಿದವರು, ಎಲ್ಲರೂ ಮೊದಲು ಅವರ ಹತ್ತಿರ ಬರುತ್ತಿದ್ದರು. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಲೈಸೆನ್ಸ್ ಪುಸ್ತಕ ಜೇಬಿನಲ್ಲಿಟ್ಟುಕೊಂಡು ಬಸ್ಸಿಳಿಯುತ್ತಿದ್ದರು. ಅವರು ‘ತಗಾಳ್ರಿ’ ಅಂದರೆ ತೆಗೆದುಕೊಳ್ಳುವುದು, ‘ಬ್ಯಾಡ’ ಅಂದರೆ ಬಿಡುವುದು. ಅಂಥವರು ಒಂದೇ ಒಂದು ಬಂದೂಕಿನ ವಿಷಯದಲ್ಲಿ ತಪ್ಪಿದರು ಅಂತ ಸೀಮೆಯೆಲ್ಲ ನಂಬಿತು. ಆ ಬಂದೂಕು ನಮ್ಮದು.

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಕಲಿಸಿಕೊಟ್ಟು ಎರಡು ತಿಂಗಳಾಯಿತು. ಇಲ್ಲಿಯವರೆಗೆ ಅದನ್ನು ನಾನು ಬಳಸಿದ್ದು ಸೊಸೆಯ ಸಾರು ನೀರಾಗಿದೆ ಅಂತ ಪಕ್ಕದ ಕೋಣೆಯಿಂದ ಮಗನಿಗೆ ದೂರು ಕಳಿಸಲು. ಇವತ್ತು ಬೇರೆ ಕೆಲಸಕ್ಕೆ ಹಿಡಿದಿದ್ದೇನೆ.

ಬಂದೂಕು ನೋಡುವ ಅವರನ್ನು ನಾನು ಮೊದಲು ನೋಡಿದ್ದು ಮದುವೆಯಾದ ಎರಡನೇ ವರ್ಷ. ಹರಿಯಬ್ಬೆಯಲ್ಲಿ ನಮ್ಮ ಹೊಲಕ್ಕೆ ಹಂದಿ ಕಾಟ. ಕಡಲೆಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ, ಹಬ್ಬಕ್ಕೆ ಬರುವ ನೆಂಟರ ಹಾಗೆ, ಮರಿಗಳನ್ನೆಲ್ಲ ಕಟ್ಟಿಕೊಂಡು ಬರುತ್ತಿದ್ದವು. ಬೆಳೆ ಕಾಯಲು ನಮ್ಮ ಯಜಮಾನರಿಗೆ ಲೈಸೆನ್ಸ್ ಸಿಕ್ಕಿತ್ತು. ಚಿತ್ರದುರ್ಗದ ಹತ್ತಿರ ಮದಕರಿಪುರದವರೊಬ್ಬರು ತಮ್ಮಪ್ಪನ ಒಂಟಿ ನಳಿಗೆಯ ಬಂದೂಕು ಮಾರುತ್ತಾರೆ ಅಂತ ತಿಳಿದು, ಅವರನ್ನು ಬಂದೂಕಿನ ಸಮೇತ ಹಿರಿಯೂರಿಗೇ ಬರಹೇಳಿದ್ದರು. ಬಳೆ ತೊಡಿಸಿಕೊಳ್ಳುವ ನೆಪ ಹೇಳಿ ನಾನೂ ಹಿಂದೆ ಹೊರಟೆ.

ಬಸ್ ಸ್ಟ್ಯಾಂಡಿನಿಂದ ಎರಡು ಓಣಿ ಒಳಗೆ ಅವರ ಮನೆ. ಮುಂದೆ ತಗಡಿನ ಚಪ್ಪರ, ಒಂದು ಕುಲುಮೆ, ಕೂರಲು ಹಾಸುಗಲ್ಲು. ಮನುಷ್ಯ ಸಣ್ಣಗೆ, ಉದ್ದಕ್ಕೆ ಇದ್ದರು. ಖಾಕಿ ಚಡ್ಡಿ, ತೂತುಬಿದ್ದ ಬನೀನು, ಆದರೆ ಹೆಗಲ ಮೇಲಿನ ಟವೆಲ್ ಮಾತ್ರ ಮಲ್ಲಿಗೆಯ ಹಾಗೆ ಬೆಳ್ಳಗೆ. ಒಂದು ಕಣ್ಣು ಮುಚ್ಚಿ ನೋಡಿ ನೋಡಿ, ಎಡಗಣ್ಣಿನ ಸುತ್ತ ಮಾತ್ರ ಮುದುಕರ ಹಾಗೆ ಸುಕ್ಕು ಕಟ್ಟಿತ್ತು. ಬಲಗಣ್ಣು ಇನ್ನೂ ಹುಡುಗನದು.

ಯಜಮಾನರು ಶುರುಮಾಡಿದರು. “ಅಣ್ಣ, ಈ ಬಂದೂಕು ಇಟ್ಟಿದ್ದೋರು ಭಾರೀ ಬೇಟೆಗಾರರಂತೆ, ಒಂದ್ಸಲ...”

“ಏ ತಡೀರಿ. ನೀವು ಹೇಳಿದ್ರೆ ನಂಗೆ ಅದೇ ಕಾಣ್ತೈತೆ. ಮೊದ್ಲು ಅದು ಮಾತಾಡ್ಲಿ.”

ಮೊದಲು ಅವರು ಬಿಚ್ಚಿದ್ದು ನಳಿಗೆಯ ಕೆಳಗಿನ ಮರ, ಗುಂಡು ಹೊಡೆಯುವಾಗ ಎಡಗೈ ಹಿಡಿಯುವ ತುಂಡು. ಆ ಮರದ ಒಳಮೈಯನ್ನೂ ಅದರಡಿ ಅಡಗಿದ್ದ ಕಬ್ಬಿಣವನ್ನೂ ಬೆರಳಿನಿಂದ ನಿಧಾನವಾಗಿ ಸವರಿದರು. “ಕಾಣೋ ಜಾಗ ಎಲ್ರೂ ಒರೆಸ್ತಾರೆ. ಕಾಣದ ಜಾಗ ನಂಗೆ ಬೇಕು” ಅಂದರು. ಆಮೇಲೆ ನಳಿಗೆಯನ್ನು ಬಾನಿಗೆ ಹಿಡಿದು, ತಿರುಗಿಸುತ್ತಾ, ಉಸಿರು ಕಟ್ಟಿ ಒಳಗೆ ನೋಡಿದರು. ದಾರ ಕಟ್ಟಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದರು. ದೇವರ ಮನೆಯ ಗಂಟೆಯ ಹಾಗೆ ನಾದ ಬಂತು. ಮತ್ತೆ ಜೋಡಿಸಿ, ತೋಟೆ ತುಂಬಲು ನಳಿಗೆ ಬಾಗುವ ಸಂದಿನಲ್ಲಿ ಒಂದು ಬೀಡಿ ಎಲೆ ಇಟ್ಟು ಮುಚ್ಚಿ ಎಳೆದರು. ಎಲೆ ಹರಿಯಿತೇ ಹೊರತು ಈಚೆ ಬರಲಿಲ್ಲ. ಕೊನೆಗೆ ಹಿಂದಿನ ಮರವನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

“ಇದನ್ನ ಇಟ್ಕಂಡಿದ್ದೋನು ಎಡಚ. ಕೆನ್ನೆ ಒರಗಿ ಒರಗಿ ಮರ ಈ ಬದಿಗೆ ಸವೆದೈತೆ. ಕುಳ್ಳ ಮನುಷ್ಯ, ತನ್ನಳತೆಗೆ ಹಿಂದಗಡೆ ಕುಯ್ಸಿದಾನೆ. ಹೊತ್ತಿದ್ದು ಜಾಸ್ತಿ, ಹೊಡೆದಿದ್ದು ಕಮ್ಮಿ. ದಿನಾ ಒರೆಸಿದಾನೆ ಪುಣ್ಯಾತ್ಮ.”

ಮಾರಲು ಬಂದವರ ಬಾಯಿ ತೆರೆದೇ ಉಳಿಯಿತು. “ನಮ್ಮಪ್ಪ ಎಡಚರೇ ರೀ. ನನ್ನ ಹೆಗಲಿಗೆ ಬರ್ತಿದ್ರು, ಅಷ್ಟೆ.”

ನನಗೆ ತಡೆಯಲಾಗಲಿಲ್ಲ. “ಅಣ್ಣಾ, ಅವರ ಹೆಂಡ್ತಿ ವಿಷಯ ಏನಾದ್ರೂ ಐತಾ ಅದ್ರಾಗೆ?”

ಅವರು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು. “ಐತೆ ತಂಗೆಮ್ಮ. ಬೈಸ್ಕಂಡಾಗೆಲ್ಲ ಆಚೆ ಬಂದು ಕುಂತು ಒರೆಸಿದಾನೆ. ಇಲ್ದಿದ್ರೆ ಇಷ್ಟು ಹೊಳಪು ಬರಾಕಿಲ್ಲ.”

ಮಾರುವವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರ ಅಮ್ಮನ ಬಾಯಿ ಅವರಿಗೆ ಗೊತ್ತಿತ್ತು.

“ತಗಾಳ್ರಿ. ಇದು ನಿಮ್ ಮೊಮ್ಮಕ್ಕಳ ಕಾಲಕ್ಕೂ ಬರ್ತೈತೆ” ಅಂದರು ಬಂದೂಕು ನೋಡಿದವರು. ಆಮೇಲೆ ನಮ್ಮ ಯಜಮಾನರನ್ನು ಕೂರಿಸಿಕೊಂಡು ಹೇಗೆ ಇಟ್ಟುಕೊಳ್ಳಬೇಕು ಅಂತ ಹೇಳಿದರಂತೆ. ನೀರು ಸೋಕಿಸಬೇಡಿ, ಎಣ್ಣೆ ಬಟ್ಟೆಯಲ್ಲಿ ಮಾತ್ರ ಒರೆಸಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಆ ಹೊತ್ತಿನಲ್ಲಿ ನಾನು ಅವರ ಹೆಂಡತಿಯ ಜೊತೆ ಹಿತ್ತಲಲ್ಲಿ ಕೋಳಿಮರಿ ಎಣಿಸುತ್ತಿದ್ದೆ. ಯಜಮಾನರು ಅದನ್ನು ಮನೆಯಲ್ಲಿ ಹೇಳಲಿಲ್ಲ. ಬಂದೂಕಿನ ಮಾತು ಹೆಂಗಸಿಗೆ ಯಾಕೆ ಅಂತ ಇರಬೇಕು.

ಅಲ್ಲಿಂದ ಅವರ ಮನೆ ನಮಗೆ ನೆಂಟರ ಮನೆಯಾಯಿತು. ಹಿರಿಯೂರಿಗೆ ಹೋದಾಗೆಲ್ಲ ನಮ್ಮೂರಿನ ಮೇಲೆ ಹೋಗುವ ಧರ್ಮಪುರದ ಬಸ್ಸು ಬರುವ ತನಕ ನಾನು ಕೂರುತ್ತಿದ್ದುದು ಆ ಹಾಸುಗಲ್ಲಿನ ಮೇಲೆ. ಅವರ ಹೆಂಡತಿಯನ್ನು ಅಕ್ಕ ಅನ್ನುತ್ತಿದ್ದೆ. ಅಕ್ಕ ಕಾಫಿ ಕೊಡುತ್ತಿದ್ದಳು, ನಾನು ಹಸಿ ಕಡಲೆಕಾಯಿ ಒಯ್ಯುತ್ತಿದ್ದೆ, ಇಬ್ಬರೂ ಸುಲಿಯುತ್ತಾ ಕೂತು ಬಂದೂಕಿನವರ ತಮಾಷೆ ನೋಡುತ್ತಿದ್ದೆವು. ಸಿನಿಮಾಗೆ ಯಾಕೆ ಹೋಗಬೇಕು?

ಹೊಸದುರ್ಗದ ಕಡೆಯ ದೊಡ್ಡ ಮೀಸೆಯವರೊಬ್ಬರು ಬಂದಿದ್ದರು. ಜೋಡು ನಳಿಗೆ, ಮೇಲೆಲ್ಲ ಕೆತ್ತನೆ. ಅದರಲ್ಲಿ ಎಷ್ಟು ಹಂದಿ ಉರುಳಿಸಿದೆ ಅಂತ ಅವರು ಹೇಳುತ್ತಾ ಹೋದಂತೆ ಹಂದಿಗಳು ದಪ್ಪವಾಗುತ್ತಾ ಹೋದವು. ಇವರು ನಳಿಗೆ ನೋಡಿದರು, ಬಂದೂಕನ್ನು ತಲೆಕೆಳಗು ಮಾಡಿ ಬುಡ ನೋಡಿದರು, ಉಗುರಿನಿಂದ ಏನೋ ಕೆರೆದು ಮೂಸಿದರು.

“ಸ್ವಾಮಿ, ನಿಮ್ಮನೆ ಗೋಡೆಗೆ ಸುಣ್ಣ ಹೊಡೆದು ಎಷ್ಟು ದಿನ ಆತು?”

“ಯಾಕೆ?”

“ಬಂದೂಕಿನ ಬೆನ್ನಿಗೆ ನಾಲ್ಕು ವರ್ಷದ ಸುಣ್ಣ ಐತೆ, ಒಂದರ ಮೇಲೊಂದು. ಇದು ಹಂದಿ ನೋಡಿಲ್ಲ. ಗೋಡೆ ನೋಡೈತೆ.”

ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ನಾನು ಓಡಲೂ ಇಲ್ಲ, ತುರುಕಿಕೊಳ್ಳಲೂ ಇಲ್ಲ.

ಇನ್ನೊಂದು ದಿನ ಹೊಳಲ್ಕೆರೆ ಕಡೆಯ ಒಬ್ಬ ಮೇಷ್ಟ್ರು ಬಂದರು. ಅಪ್ಪನ ಬಂದೂಕು, ಮಾರಿಬಿಡಬೇಕು, ನನಗೂ ಅದಕ್ಕೂ ಸಂಬಂಧವಿಲ್ಲ ಅಂದರು. ಅಪ್ಪ ಬಹಳ ಗಡಸು ಮನುಷ್ಯ, ಮಕ್ಕಳನ್ನು ಹತ್ತಿರ ಸೇರಿಸಿದವರಲ್ಲ ಅಂತಲೂ ಅಂದರು. ಇವರು ಹಿಂದಿನ ಮರದ ಅಂಚಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದರು.

“ಮೇಷ್ಟ್ರೇ, ಇಲ್ಲಿ ಮುಟ್ಟಿ ನೋಡ್ರಿ. ಸಣ್ಣ ಸಣ್ಣ ಗುಳಿ ಅವೆ. ಇವು ಮಗೀನ ಹಲ್ಲು. ಹಲ್ಲು ಬರೋವಾಗ ಕಡಿದೈತೆ. ಒಂದು ತೊಡೆ ಮೇಲೆ ಬಂದೂಕು ಇಟ್ಕಂಡು, ಇನ್ನೊಂದರ ಮೇಲೆ ಕೂಸು ಕುಂಡ್ರಿಸ್ಕಂಡ್ರೇನೇ ಇಲ್ಲಿಗೆ ಬಾಯಿ ಸಿಗೋದು. ಒಂದ್ ದಿನದ್ದಲ್ಲ ಇದು. ನಿಮ್ಮನೇಲಿ ಮಕ್ಕಳು ಎಷ್ಟು ಜನ?”

“ನಾನೊಬ್ಬನೇ” ಅಂದರು ಮೇಷ್ಟ್ರು. ಬಂದೂಕನ್ನು ಮತ್ತೆ ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟುಹೋದರು. ಮಾರಲಿಲ್ಲ.

ಹೀಗೆ ಎಲ್ಲವನ್ನೂ ಓದುವ ಮನುಷ್ಯ ಮನೆಯಲ್ಲಿ ಏನನ್ನೂ ಓದುತ್ತಿರಲಿಲ್ಲ ಅಂತ ಅಕ್ಕನ ದೂರು. “ನಾನು ಮುನಿಸ್ಕಂಡು ಮೂರ್ ದಿನ ಆದ್ರೂ ಇವ್ನಿಗೆ ಗೊತ್ತಾಗಲ್ಲ ಕಣೇ. ದಾರ ಕಟ್ಟಿ ತೂಗಾಕಿ ತಟ್ಟಿ ನೋಡ್ಬೇಕೇನೋ.” ಅವರು ಸೋರೆಕಾಯಿಯನ್ನೂ ತಟ್ಟಿಯೇ ಕೊಳ್ಳುತ್ತಿದ್ದರು, ಬಲಿತದ್ದನ್ನೇ ತರುತ್ತಿದ್ದರು.

ಹೋದಾಗೆಲ್ಲ ನನ್ನನ್ನು ಒಂದು ಮಾತು ಕೇಳುತ್ತಿದ್ದರು. “ತಂಗೆಮ್ಮ, ಬಂದೂಕು ಹೆಂಗೈತೆ?”

“ಫಳಫಳ ಅಂತೈತೆ ಅಣ್ಣಾ. ನಾನೇ ನೋಡ್ಕಂತೀನಿ.”

“ನೀನಾ? ಭೇಷ್!”

ಅಷ್ಟೇ. ಹೇಗೆ ನೋಡಿಕೊಳ್ಳುತ್ತೀಯ ಅಂತ ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ನೋಡಿಕೊಳ್ಳುತ್ತಿದ್ದುದು ಹೀಗೆ. ಆಯುಧಪೂಜೆಯ ಹಿಂದಿನ ದಿನ ದೀಪದ ಕಂಬ, ತಂಬಿಗೆ, ಗಂಟೆ, ಆರತಿ ತಟ್ಟೆ ಎಲ್ಲವನ್ನೂ ಬಚ್ಚಲ ಕಲ್ಲಿನ ಹತ್ತಿರ ಸಾಲಾಗಿ ಇಟ್ಟುಕೊಂಡು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದೆ. ಆ ಸಾಲಿನ ಕೊನೆಯಲ್ಲಿ ಬಂದೂಕೂ ಇರುತ್ತಿತ್ತು. ಹಿತ್ತಾಳೆಗೆ ಒಳ್ಳೆಯದು ಕಬ್ಬಿಣಕ್ಕೂ ಒಳ್ಳೆಯದು ಅಂತ ನನ್ನ ಲೆಕ್ಕ. ಮೊದಲ ವರ್ಷ ಅದರ ಕಪ್ಪು ಬಣ್ಣ ಬಿಟ್ಟು ಬೆಳ್ಳಗೆ ಬಂದಾಗ ಎಂಥಾ ಕೊಳೆ ತೆಗೆದೆ ಅಂತ ಹೆಮ್ಮೆಪಟ್ಟೆ. ಮರ ಬಿಚ್ಚಲು ನನಗೆ ಬರುತ್ತಿರಲಿಲ್ಲ. ಹಾಗೇ ಸಂದಿಗೆಲ್ಲ ಹುಣಸೆ ತುರುಕಿ ತಿಕ್ಕಿ, ನೀರು ಸುರಿದು, ಬಿಸಿಲಿಗಿಟ್ಟು, ವಿಭೂತಿ ಕುಂಕುಮ ಹಚ್ಚಿ ಹೂವಿಡುತ್ತಿದ್ದೆ. “ಏನೇ ಇದು, ಬೆಳ್ಳಿ ಮಾಡ್ಬಿಟ್ಟೀಯಲ್ಲ!” ಅಂತ ಹೊಲದಿಂದ ಬಂದ ಯಜಮಾನರು ನಕ್ಕಿದ್ದರು, ಯಾವುದರಲ್ಲಿ ತಿಕ್ಕಿದೆ ಅಂತ ಕೇಳಲಿಲ್ಲ. ಐದು ಆಯುಧಪೂಜೆ ಹೀಗೇ ನಡೆಯಿತು.

ಐದನೆಯ ಪೂಜೆ ಮುಗಿದು ಇಪ್ಪತ್ತು ದಿನ ಆಗಿರಲಿಲ್ಲ. ಬೆಳಗಿನ ಜಾವ ಹಂದಿ ಬಂದಿವೆ ಅಂತ ಯಜಮಾನರು ಹೊಲಕ್ಕೆ ಹೋದರು. ಬಾನಿಗೆ ಒಂದು ಗುಂಡು ಹೊಡೆದು ಓಡಿಸುವುದು ಅವರ ರೂಢಿ. ನಳಿಗೆ ಮುಂದಿನ ಮರದ ಹತ್ತಿರವೇ ಸೀಳಿತು. ಎಡಗೈಯ ಮೂರು ಬೆರಳು ಹೋದವು.

ಅವರು ಆಸ್ಪತ್ರೆಯಲ್ಲಿದ್ದ ಎರಡನೇ ದಿನ ನಮ್ಮ ಅಂಗಳದಲ್ಲಿ ಜನ ಸೇರಿತ್ತು. ನಾನು ಏಳು ತಿಂಗಳ ಬಸುರಿ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಪಕ್ಕದೂರಿನ ಬಂದೂಕಿನವರೊಬ್ಬರು ಸೀಳಿದ ನಳಿಗೆ ನೋಡಿ, “ಒಳ್ಳೇ ಮಾಲು ಹಿಂಗಾಗಲ್ಲ. ಇಟ್ಕಳೋದ್ರಾಗೆ ಏನೋ ಎಡವಟ್ಟಾಗೈತೆ” ಅಂದರು.

ನಮ್ಮತ್ತೆ ತಿರುಗಿದರು. “ಇಟ್ಕಂಡಿದ್ದು ಯಾರು? ಇವಳೇ ಅಲ್ಲೇನು ತೊಳ್ದೂ ಬಳ್ದೂ ಮಾಡ್ತಿದ್ದೋಳು? ಇವಳ ಕೈಯಿಂದ ಆಗಿದ್ರೆ ಇವತ್ತೇ ಬಸ್ಸು ಹತ್ಸ್ತೀನಿ, ತೌರಿನಾಗೆ ಹೆರಲಿ. ನನ್ ಮಗನ್ ಕೈ ತಿಂದೋಳು ನನ್ ಹೊಸಿಲು ತುಳೀಬಾರ್ದು.”

ಆ ಮಾತು ಆಡಿದರೆ ಮಾಡುವ ಹೆಂಗಸು. ದೊಡ್ಡ ಮಗನ ಹೆಂಡತಿಯನ್ನು ಹಾಗೆ ಕಳಿಸಿದ್ದು ಊರಿಗೇ ಗೊತ್ತಿತ್ತು.

ಆ ಹೊತ್ತಿಗೆ ಹಿರಿಯೂರಿನಿಂದ ಅವರು ಬಂದರು. ಸುದ್ದಿ ಕೇಳಿ ಬಸ್ಸು ಹಿಡಿದು ಬಂದಿದ್ದರು. ಜನಕ್ಕೆ ಬೆನ್ನು ಮಾಡಿ ಕೂತು, ಒಡೆದ ಮರವನ್ನು ಬಿಡಿಸಿ, ಅದರ ಒಳಮೈ ನೋಡಿದರು, ಬೆರಳಿನಿಂದ ಸವರಿದರು, ಮೂಸಿದರು. ತಿರುಗಿ ನನ್ನನ್ನು ನೋಡಿದರು. ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು, ಚೌಕಟ್ಟು ಹಿಡಿದ ಕೈ ನೋಡಿದರು. ಬೆಳ್ಳಗಿನ ಆ ಟವೆಲ್ ತೆಗೆದು ನಳಿಗೆಯನ್ನು ಬಲವಾಗಿ ಒರೆಸಿದರು, ಮರದ ತುಂಡನ್ನು ಅದೇ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಎದ್ದು ನಿಂತರು.

“ತಪ್ಪು ನಂದು. ತಗಳೋವಾಗ್ಲೇ ಮರದ ಕೆಳಗೆ ಸೀಳಿತ್ತು. ನಾನು ನೋಡ್ಲಿಲ್ಲ.”

ಅಂಗಳದಲ್ಲಿ ಎಲ್ಲರ ಬಾಯಿಯೂ ಒಟ್ಟಿಗೆ ಬಿಚ್ಚಿತು. ಎಲ್ಲರಿಗಿಂತ ದೊಡ್ಡದು ನನ್ನದು. ಕಾಫಿ ಕುಡಿದ ಮನೆ, ಅಣ್ಣಾ ಅಂದ ಬಾಯಿ. ಅದೇ ಬಾಯಲ್ಲಿ ಅಂದೆ, “ನಿನ್ ಕಣ್ಣು ಇಂಗ್ಹೋಗ! ಕುರುಡ ಅಂತ ಮೊದ್ಲೇ ಹೇಳಾಕೇನಾಗಿತ್ತು? ನಿನ್ನ ನಂಬಿ ನನ್ ಗಂಡ ಮೊಂಡುಗೈಯೋನಾದ!”

ಅವರು ತಲೆ ಬಗ್ಗಿಸಿಕೊಂಡು ಕೇಳಿಸಿಕೊಂಡರು. ಪೂರ್ತಿ ಕೇಳಿಸಿಕೊಂಡು, ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, “ಕುಂತ್ಕ ತಂಗೆಮ್ಮ, ಕೂಸು ಹೊತ್ಕಂಡಿರೋಳು” ಅಂದರು. ಹೊರಟುಹೋದರು.

ನಳಿಗೆ ಠಾಣೆಗೆ ಹೋಯಿತು. ಮರವನ್ನು ಯಾರೂ ಕೇಳಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಯಜಮಾನರು ಒಂದು ಸಲ ಅಂದಿದ್ದರು, “ಅಲ್ವೇ, ಅವತ್ತು ಆಯಪ್ಪ ಮೊದ್ಲು ಬಿಚ್ಚಿದ್ದೇ ಆ ಮರ ಅಲ್ಲೇನು? ಹಂಗೆ ಬೆರಳಾಡ್ಸಿ ನೋಡಿದ್ನಲ್ಲ?” ನಾನೂ ನೋಡಿದ್ದೆ, ಕಣ್ಣಾರೆ, ಎರಡು ಮೊಳ ದೂರದಲ್ಲಿ ಕೂತು. ಆದರೂ, “ತಾನೇ ಒಪ್ಕಂಡ ಮೇಲೆ ನಿಮ್ದೇನು ಮತ್ತೆ?” ಅಂತ ಬಾಯಿ ಮುಚ್ಚಿಸಿದೆ. ಇನ್ನೊಬ್ಬರು ತಪ್ಪು ತಮ್ಮದು ಅಂದುಬಿಟ್ಟರೆ ನಮ್ಮ ಕೈಯನ್ನು ನಾವು ತಿರುಗಿಸಿ ನೋಡಿಕೊಳ್ಳುವುದು ಎಲ್ಲಿ ಬಂತು? ಯಜಮಾನರ ಅಂಗಿಯ ಗುಂಡಿ ಹಾಕಿಕೊಡುತ್ತಾ, ಮೂವತ್ತು ವರ್ಷಕ್ಕೂ ಮೇಲೆ, ದಿನಾ ಬೆಳಿಗ್ಗೆ ಹಿರಿಯೂರಿನ ಆ ಕುರುಡನಿಗೆ ಒಂದು ಶಾಪ ಹಾಕುತ್ತಿದ್ದೆ. ಯಜಮಾನರು ತೀರಿಕೊಂಡ ಮೇಲೂ ಬಿಡಲಿಲ್ಲ.

ಹಿರಿಯೂರಿನ ಆ ಮನುಷ್ಯ ಆಮೇಲೆ ಬಂದೂಕು ಮುಟ್ಟಲಿಲ್ಲ ಅಂತ ಕೇಳಿದ್ದೆ. ಯಾರಾದರೂ ತಂದರೆ “ನನ್ ಕಣ್ಣು ಸರಿಯಿಲ್ಲ, ಬ್ಯಾರೆ ಕಡೆ ತೋರ್ಸ್ರಿ” ಅನ್ನುತ್ತಿದ್ದರಂತೆ. ಕುಡುಗೋಲು ಹದ ಮಾಡುತ್ತಾ, ಬೀಗ ರಿಪೇರಿ ಮಾಡುತ್ತಾ ಕಾಲ ಹಾಕಿದರು. ಒಳ್ಳೆಯದಾಯಿತು ಅಂದುಕೊಂಡಿದ್ದೆ.

ಹೋದ ತಿಂಗಳು ಸುದ್ದಿ ಬಂದಾಗ, ಯಾಕೋ ಗೊತ್ತಿಲ್ಲ, ತಿಥಿಯ ಮಾರನೇ ದಿನ ಒಬ್ಬಳೇ ಬಸ್ಸು ಹತ್ತಿದೆ. ಸತ್ತವರ ಮೇಲೆ ಏನು ಹಗೆ ಅಂತ ನಾನೇ ದೊಡ್ಡವಳಾಗಿ ಕ್ಷಮಿಸಲು ಹೊರಟಿದ್ದೆ ನೋಡಿ.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಗುರುತು ಹಿಡಿದಳು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಎದ್ದು ಅಟ್ಟದ ಕಡೆ ಕೈಮಾಡಿ ಸೊಸೆಯಿಂದ ಒಂದು ಗಂಟು ಇಳಿಸಿ ನನ್ನ ಮುಂದೆ ಇಟ್ಟಳು. ಹಳದಿಗೆ ತಿರುಗಿದ ಟವೆಲ್. ಒಳಗೆ ಆ ಮರದ ತುಂಡು.

“ನಿಂದೇ. ತಗಂಡೋಗು. ಯಾರಾದ್ರೂ ಬಂದೂಕಿನೋರು ನೋಡಿದ್ರೆ ಗೊತ್ತಾಗಿ ಹೋಗ್ತೈತೆ ಅಂತ ಇಷ್ಟ್ ದಿನ ಬಚ್ಚಿಟ್ಟಿದ್ದ. ಒಲೆಗೆ ಹಾಕು ಅಂದ್ರೆ ಅದಕ್ಕೂ ಕೈ ಬರ್ಲಿಲ್ಲ ಅವ್ನಿಗೆ. ಒಳ್ಳೇ ಮರ ಅಂತೆ.”

ತಿರುಗಿಸಿ ನೋಡಿದೆ. ಬಂದೂಕು ನೋಡಲು ನನಗೆ ಬರುವುದಿಲ್ಲ. ಹುಣಸೆಹಣ್ಣು ನೋಡಲು ಬರುತ್ತದೆ. ಮರದ ಒಳಮೈಯ ಉದ್ದಕ್ಕೂ ತುಕ್ಕು ಕಪ್ಪಗೆ ಇಳಿದಿತ್ತು. ಅದರ ಮಧ್ಯೆ ಹುಣಸೆಯ ನಾರು ಒಣಗಿ ಹಾಗೇ ಅಂಟಿಕೊಂಡಿತ್ತು, ಎಳೆ ಎಳೆಯಾಗಿ. ಮೂಲೆಯಲ್ಲಿ ಬೀಜದ ಸಿಪ್ಪೆಯ ಒಂದು ಚೂರು.

“ಯಾಕಕ್ಕ?” ಅಂದೆ.

“ನಾನೂ ಅದ್ನೇ ಕೇಳ್ದೆ. ನಮ್ ಅನ್ನಕ್ಕೆ ಕಲ್ಲು ಹಾಕ್ಕಂಡು ಬಂದ್ಯಲ್ಲ ಅಂತ ಆರ್ ತಿಂಗ್ಳು ಮಾತು ಬಿಟ್ಟಿದ್ದೆ. ‘ಆ ಹುಡುಗಿ ನಿಂತಿದ್ದನ್ನ ನೋಡಿದ್ರೆ ನಿಂಗೂ ಬಾಯಿ ಬರ್ತಿರ್ಲಿಲ್ಲ ಕಣೇ’ ಅಂದ. ‘ನೀರು ಸೋಕಿಸ್ಬ್ಯಾಡ ಅಂತ ಗಂಡನಿಗೆ ಹೇಳ್ದೆ. ತೊಳೆಯೋಳು ಅವಳು. ನಾನೇ ನೋಡ್ಕಂತೀನಿ ಅಂತ ಎಷ್ಟ್ ಸಲ ಅಂದ್ಲು, ಹೆಂಗೆ ಅಂತ ಒಂದ್ ಮಾತು ಕೇಳ್ಲಿಲ್ಲ ನಾನು. ತಪ್ಪು ನಂದೇ’ ಅಂತ ಕೊನೇ ತನಕ ಅದೇ ಪಾಠ.” ಅಕ್ಕ ಮೂಗು ಒರೆಸಿಕೊಂಡಳು. “ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡ್ಸಾಣ ಅಂದ್ರೆ, ನೋಡಾಕೇನೈತೆ ಇನ್ನ ಅಂದ.”

ನಾನು ಅವಳ ಕಾಲು ಹಿಡಿದೆ. ಅವಳು ಕಾಲು ಎಳೆದುಕೊಂಡಳು.

“ನನ್ ಹತ್ರ ಅತ್ರೆ ಏನ್ ಬಂತು? ನಂಗೆ ಅವತ್ತೇ ಗೊತ್ತು. ಊರ ಮುಂದೆ ಬೈದೋಳು ನೀನು. ಗೊತ್ತಿಲ್ದೋರ ಹತ್ರ ಹೇಳೋಗು.”

ಯಾರ ಹತ್ತಿರ ಹೇಳಲಿ? ಅತ್ತೆ ಇಲ್ಲ, ಯಜಮಾನರಿಲ್ಲ, ಅವತ್ತು ಅಂಗಳದಲ್ಲಿದ್ದವರಲ್ಲಿ ನೆನಪು ನೆಟ್ಟಗಿರುವ ಒಬ್ಬರೂ ಉಳಿದಿಲ್ಲ. ಮನೆಗೆ ಬಂದು ಮಗನಿಗೆ ಹೇಳಿದೆ. ಅವತ್ತು ಹೊಟ್ಟೆಯಲ್ಲಿದ್ದವನು ಇವನೇ. ಹಿರಿಯೂರಿನ ಕುರುಡ ಅಪ್ಪನ ಬೆರಳು ತಿಂದ ಅಂತ ನನ್ನ ಬಾಯಲ್ಲೇ ಕೇಳಿ ಬೆಳೆದವನು.

“ಅಪ್ಪಂಗೆ ಗೊತ್ತಿತ್ತಾ?”

“ಕೇಳಾಕೆ ಬಂದಿದ್ರು. ನಾನು ಬಿಡ್ಲಿಲ್ಲ.”

“ಹೋಗ್ಲಿ ಬಿಡಮ್ಮ. ಎಲ್ರೂ ಹೋದ್ರು. ಈಗ ಯಾರ್ಗೂ ಹೇಳಾಕ್ ಹೋಗ್ಬ್ಯಾಡ, ಸುಮ್ನೆ ನಮ್ಮನೆ ಮಾತು ಬೀದಿಗೆ ಯಾಕೆ?”

ಸರಿಯಪ್ಪ ಅಂದೆ. ಅವನು ಹೊಲಕ್ಕೆ ಹೋದ ಮೇಲೆ ಫೋನು ತೆಗೆದುಕೊಂಡೆ. ನಾಲ್ಕು ದಿನದಿಂದ ಒತ್ತುತ್ತಿದ್ದೇನೆ. ಗೊತ್ತಿಲ್ಲದವರು ನೀವು, ನಿಮಗೆ ಹೇಳುತ್ತಿದ್ದೇನೆ. ಮದಕರಿಪುರದ ಆ ಬಂದೂಕು ಒಳ್ಳೆಯ ಬಂದೂಕು. ಅವರು ಮರ ಬಿಚ್ಚಿ ನೋಡಿದರು, ಸರಿಯಾಗಿಯೇ ನೋಡಿದರು. ಅದರಲ್ಲಿ ಸೀಳು ಇರಲಿಲ್ಲ. ತಿಕ್ಕಿದವಳು ನಾನು.